ಬಾಂಬೆಯಲ್ಲಿ ಹುಟ್ಟಿದ ಯುದ್ಧನೌಕೆ ನನ್ನ ಮೇಜಿನ ಮೇಲೆ: ಯಾವ ವರ್ಷದ್ದು ಕಟ್ಟಲಿ?

ಇವತ್ತು ರಾಜರೂ ಇಲ್ಲ, ಶಾಸನಗಳೂ ಇಲ್ಲ. ನನ್ನ ಮೇಜಿನ ಮೇಲೆ ಎರಡು ವರ್ಷದಿಂದ ಅರ್ಧಕ್ಕೆ ನಿಂತಿರುವ ಒಂದು ಮರದ ಹಡಗಿನ ಕಥೆ ಹೇಳ್ತೀನಿ.

ಹಡಗಿನ ಹೆಸರು ಎಚ್‌ಎಂಎಸ್ ಟ್ರಿಂಕೋಮಲಿ. ಹಾಯಿಗಳ ಕಾಲದ ಬ್ರಿಟಿಷ್ ಯುದ್ಧನೌಕೆ, ಫ್ರಿಗೇಟ್ ಅನ್ನುವ ಜಾತಿಯದು. ದೊಡ್ಡ ಯುದ್ಧನೌಕೆಗಳಿಗಿಂತ ಚಿಕ್ಕದು, ಆದರೆ ವೇಗ ಜಾಸ್ತಿ. ನಾನು ಕಟ್ಟುತ್ತಿರುವುದು 1:64 ಅಳತೆಯ ಮಾಡೆಲ್. ಅಂದರೆ ನಿಜವಾದ ಹಡಗಿನ 64 ಅಡಿ ನನ್ನ ಮೇಜಿನ ಮೇಲೆ ಒಂದೇ ಅಡಿ. ನಿಜವಾದದ್ದು ತೋಪುಗಳ ಡೆಕ್ ಮೇಲೆ ಅಳೆದರೆ 150 ಅಡಿ ಉದ್ದ, ಸುಮಾರು 40 ಅಡಿ ಅಗಲ. ನನ್ನದು 71 ಸೆಂಟಿಮೀಟರ್ ಉದ್ದ, 19 ಸೆಂಟಿಮೀಟರ್ ಅಗಲ. ಮುಂದಕ್ಕೆ ಚಾಚಿದ ಕೂವೆಮರ ಸೇರಿಸಿದರೆ ಮೇಜಿನಿಂದ ಹೊರಗೆ ಬರುತ್ತೆ. ಮನೆಗೆ ಬಂದವರೆಲ್ಲ ಒಮ್ಮೆಯಾದರೂ ಅದಕ್ಕೆ ಮೊಣಕೈ ತಾಗಿಸಿದ್ದಾರೆ.

ಇದು ಅರ್ಧಕ್ಕೆ ನಿಂತಿರೋದು ಸೋಮಾರಿತನದಿಂದ ಅಲ್ಲ. ಸರಿ, ಸ್ವಲ್ಪ ಸೋಮಾರಿತನವೂ ಇದೆ. ಆದರೆ ನಿಜವಾದ ಕಾರಣ ಒಂದು ಪ್ರಶ್ನೆ. ಇತಿಹಾಸ ಬರೆಯುವವರು ಆ ಪ್ರಶ್ನೆಯಿಂದ ಜಾರಿಕೊಳ್ಳಬಹುದು, ಮಾಡೆಲ್ ಕಟ್ಟುವವರಿಗೆ ಆಗಲ್ಲ. ಅದಕ್ಕೆ ಬರ್ತೀನಿ. ಮೊದಲು ಹಡಗಿನ ಹುಟ್ಟು.

1812. ನೆಪೋಲಿಯನ್ ಜೊತೆ ಯುದ್ಧ ಮಾಡಿ ಮಾಡಿ ಬ್ರಿಟನ್ನಿನಲ್ಲಿ ಒಳ್ಳೆಯ ಓಕ್ ಮರಕ್ಕೆ ಬರ ಬಂದಿತ್ತು. ಆಗ ನೌಕಾ ಇಲಾಖೆ, ಅಂದರೆ ಅಡ್ಮಿರಾಲ್ಟಿ, ಬಾಂಬೆಯಲ್ಲಿ ತೇಗದ ಫ್ರಿಗೇಟ್‌ಗಳನ್ನು ಕಟ್ಟಿಸಲು ಆದೇಶ ಕೊಟ್ಟಿತು. ಬಾಂಬೆ ಯಾಕೆ ಅಂದರೆ ಅಲ್ಲಿ ವಾಡಿಯಾಗಳಿದ್ದರು. 1736ರಲ್ಲಿ ಸೂರತ್‌ನಿಂದ ಬಂದ ಲವ್ಜಿ ನಸರ್ವಾನ್ಜಿ ಎಂಬ ಪಾರ್ಸಿ ಬಡಗಿಯ ವಂಶ ಅದು. 1812ರ ಹೊತ್ತಿಗೆ ಅಲ್ಲಿನ ಮುಖ್ಯ ಹಡಗು ಮೇಸ್ತ್ರಿ ಜಮ್ಶೆಟ್ಜಿ ಬೊಮಾಂಜಿ ವಾಡಿಯಾ. ಎರಡು ವರ್ಷ ಹಿಂದೆ, 1810ರಲ್ಲಿ, ಬ್ರಿಟಿಷ್ ನೌಕಾಪಡೆಗಾಗಿ ಮಿಂಡನ್ ಎಂಬ ದೊಡ್ಡ ಯುದ್ಧನೌಕೆಯನ್ನೇ ಕಟ್ಟಿ ಕೊಟ್ಟಿದ್ದ ಮನುಷ್ಯ.

ಆದೇಶ ಆಯ್ತು, ನಕ್ಷೆ ಬರಬೇಕಲ್ಲ? ಇಲ್ಲೊಂದು ಸಿನಿಮಾದಂಥ ತಿರುವು ಇದೆ. ನಕ್ಷೆಗಳನ್ನೂ, ಬಾಂಬೆಯಲ್ಲಿ ಕಟ್ಟುತ್ತಿದ್ದ ಹಡಗಿಗೆ ಬೇಕಾದ ತಾಮ್ರವನ್ನೂ ಹೊತ್ತು ಹೊರಟದ್ದು ಎಚ್‌ಎಂಎಸ್ ಜಾವಾ ಅನ್ನೋ ಹಡಗು. 1812ರ ಡಿಸೆಂಬರ್ 29ರಂದು ಬ್ರೆಜಿಲ್ ಕರಾವಳಿಯ ಹತ್ತಿರ ಅದಕ್ಕೆ ಅಮೆರಿಕದ ಯುಎಸ್‌ಎಸ್ ಕಾನ್‌ಸ್ಟಿಟ್ಯೂಷನ್ ಎದುರಾಯಿತು. ಆಗ ಅಮೆರಿಕಕ್ಕೂ ಬ್ರಿಟನ್ನಿಗೂ ಬೇರೆಯೇ ಯುದ್ಧ ನಡೀತಿತ್ತು. ಜಾವಾ ಸೋತು ಚಿಂದಿಯಾಯಿತು, ಗೆದ್ದವರು ಅದನ್ನು ಸುಟ್ಟುಹಾಕಿದರು. ನಕ್ಷೆಯೂ ಹೋಯ್ತು. ಮತ್ತೊಂದು ಪ್ರತಿ ಬರೆದು ಕಳಿಸಬೇಕಾಯಿತು. ಕೊರಿಯರ್ ತಡವಾದರೆ ನಾವು ಎರಡು ದಿನಕ್ಕೇ ಕೂಗಾಡ್ತೀವಿ.

ಆ ನಕ್ಷೆಯೂ ಇಂಗ್ಲಿಷರ ಸ್ವಂತದ್ದಲ್ಲ ಅನ್ನೋದು ಇನ್ನೂ ಮಜಾ. 1782ರಲ್ಲಿ ಬ್ರಿಟಿಷರು ಹೆಬೆ ಎಂಬ ಫ್ರೆಂಚ್ ಫ್ರಿಗೇಟನ್ನು ಹಿಡಿದರು. ಅದರ ವಿನ್ಯಾಸ ಝಾಕ್-ನೊಯೆಲ್ ಸಾನೆ ಎಂಬ ಫ್ರೆಂಚ್ ಎಂಜಿನಿಯರ್‌ದು. ಅದು ಎಷ್ಟು ಚೆನ್ನಾಗಿತ್ತೆಂದರೆ ಅಳತೆ ತೆಗೆದು ಲೀಡಾ ಎಂಬ ಹೆಸರಲ್ಲಿ ತಮ್ಮದೇ ಒಂದು ಸರಣಿ ಶುರು ಮಾಡಿದರು. ಟ್ರಿಂಕೋಮಲಿ ಆ ಸರಣಿಯದು. ಹೆಸರು ಬಂದದ್ದು ಅದೇ 1782ರಲ್ಲಿ ಶ್ರೀಲಂಕಾದ ತ್ರಿಕೋಣಮಲೆಯ ಸಮುದ್ರದಲ್ಲಿ ಫ್ರೆಂಚರ ಜೊತೆ ನಡೆದ ಕಾಳಗದಿಂದ. ಫ್ರೆಂಚ್ ರೂಪ, ಲಂಕೆಯ ಹೆಸರು, ಪಾರ್ಸಿ ಮೇಸ್ತ್ರಿ, ಮಲಬಾರಿನ ಮರ, ಮೇಲೆ ಬ್ರಿಟಿಷ್ ಬಾವುಟ.

1816ರಲ್ಲಿ ಕೀಲ್ ಇಟ್ಟರು. ಕೀಲ್ ಅಂದರೆ ಹಡಗಿನ ಅಡಿಯಲ್ಲಿ ಉದ್ದಕ್ಕೂ ಹೋಗುವ ದಿಮ್ಮಿ, ಹಡಗಿನ ಬೆನ್ನುಮೂಳೆ. ಪಾರ್ಸಿ ಸಂಪ್ರದಾಯದಂತೆ ಮೇಸ್ತ್ರಿ ಅದಕ್ಕೊಂದು ಬೆಳ್ಳಿಯ ಮೊಳೆ ಹೊಡೆದ. 1817ರ ಅಕ್ಟೋಬರ್ 12ಕ್ಕೆ ಹಡಗು ನೀರಿಗಿಳಿಯಿತು. ಆದರೆ ಇಸವಿಗಳನ್ನು ಸ್ವಲ್ಪ ನೋಡಿ. ವಾಟರ್‌ಲೂ ಕದನ ಮುಗಿದದ್ದು 1815ರಲ್ಲಿ. ಯಾವ ಯುದ್ಧಕ್ಕೆ ಅಂತ ಆದೇಶ ಕೊಟ್ಟಿದ್ದರೋ ಅದು ಕೀಲ್ ಇಡುವ ಮೊದಲೇ ಮುಗಿದಿತ್ತು!

ಹಾಗಾಗಿ ಹಡಗು ಇಂಗ್ಲೆಂಡಿಗೆ ಹೋಗಿ ಸುಮ್ಮನೆ ನಿಂತಿತು. ದಾರಿಯಲ್ಲಿ 1819ರ ಜನವರಿಯಲ್ಲಿ ಸೇಂಟ್ ಹೆಲೆನಾ ದ್ವೀಪದಲ್ಲಿ ಕೆಲವು ದಿನ ತಂಗಿತ್ತು. ಅಲ್ಲಿ ಸೆರೆಯಲ್ಲಿದ್ದ ನೆಪೋಲಿಯನ್‌ಗೆ ಚಿಕಿತ್ಸೆ ಕೊಟ್ಟಿದ್ದ ಜಾನ್ ಸ್ಟೋಕೋ ಎಂಬ ವೈದ್ಯನನ್ನು ಹತ್ತಿಸಿಕೊಂಡು ಹೊರಟಿತು. ಯಾರ ವಿರುದ್ಧ ಕಟ್ಟಿಸಿದ್ದೋ ಅವನ ಹತ್ತಿರ ಹೋದದ್ದು ಅಷ್ಟೇ, ಅವನ ಡಾಕ್ಟರನ್ನು ಕರೆತರಲು. ಏಪ್ರಿಲ್ 30ಕ್ಕೆ ಪೋರ್ಟ್ಸ್‌ಮತ್. ಆಮೇಲೆ ಕಾಲು ಶತಮಾನಕ್ಕೂ ಹೆಚ್ಚು ಕಾಲ ಕೂವೆ ಕಳಚಿಕೊಂಡು ಬಂದರಿನಲ್ಲಿ ಬಿದ್ದಿತ್ತು.

1845ರಲ್ಲಿ ಮತ್ತೆ ನೆನಪಾಯಿತು. ಅಷ್ಟರಲ್ಲಿ ಕಾಲ ಬದಲಾಗಿತ್ತು, ಹಬೆಯ ಹಡಗುಗಳು ಬಂದಿದ್ದವು. ಟ್ರಿಂಕೋಮಲಿಯನ್ನು ಬಿಚ್ಚಿ ಬದಲಾಯಿಸಿದರು. 38 ತೋಪುಗಳ ದರ್ಜೆಯಲ್ಲಿದ್ದ ಫ್ರಿಗೇಟು 26 ತೋಪುಗಳ ಕಾರ್ವೆಟ್ ಆಯ್ತು. ತೋಪು ಕಡಿಮೆ, ಆದರೆ ಒಂದೊಂದೂ ಮೊದಲಿಗಿಂತ ಭಾರ. ಹಿಂಭಾಗವನ್ನೇ, ಅಂದರೆ ಸ್ಟರ್ನ್ ಅನ್ನೇ, ಬೇರೆ ಆಕಾರಕ್ಕೆ ತಂದರು. 1847ರಿಂದ ಅಟ್ಲಾಂಟಿಕ್ ಕಡೆ, 1852ರಿಂದ ಶಾಂತಸಾಗರದಲ್ಲಿ ಓಡಾಡಿ 1857ಕ್ಕೆ ವಾಪಸ್. ಆಮೇಲೆ ಹುಡುಗರಿಗೆ ನಾವಿಕ ತರಬೇತಿ ಕೊಡುವ ಹಡಗಾಯಿತು. 1897ರಲ್ಲಿ ಗುಜರಿಗೆ ಮಾರಾಟವಾಗಿ, ಅಲ್ಲಿಂದ ವೀಟ್‌ಲಿ ಕಾಬ್ ಎಂಬ ಶ್ರೀಮಂತನ ಕೈಗೆ ಬಂದು ಉಳಿಯಿತು. ಅವನ ಫೂಡ್ರೊಯಾಂ ಎಂಬ ತರಬೇತಿ ಹಡಗು ಅದೇ ವರ್ಷ ಬಿರುಗಾಳಿಗೆ ಒಡೆದುಹೋಗಿತ್ತು, ಅದರ ಹೆಸರನ್ನೇ ಇದಕ್ಕಿಟ್ಟ. 1986ರವರೆಗೆ ತರಬೇತಿ ಮುಂದುವರಿಯಿತು. ನಂತರ ಉತ್ತರ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ 1990ರಿಂದ 2001ರವರೆಗೆ ದುರಸ್ತಿ. ನಡುವೆ 1992ರಲ್ಲಿ ಹಳೆಯ ಹೆಸರು ವಾಪಸ್ ಬಂತು. ಇವತ್ತಿಗೂ ಅಲ್ಲೇ ಇದೆ, ನೀರಿನಲ್ಲಿ ತೇಲುತ್ತಾ. ನೆಲ್ಸನ್‌ನ ವಿಕ್ಟರಿ ಇದಕ್ಕಿಂತ ಹಳೆಯದು, ನಿಜ. ಆದರೆ ಅದು ಒಣ ಡಾಕ್‌ನಲ್ಲಿದೆ. ಇನ್ನೂ ತೇಲುತ್ತಿರುವ ಬ್ರಿಟಿಷ್ ಯುದ್ಧನೌಕೆಗಳಲ್ಲಿ ಅತ್ಯಂತ ಹಳೆಯದು ಬಾಂಬೆಯ ಬಡಗಿಗಳು ಕಟ್ಟಿದ್ದು.

ಈಗ ನನ್ನ ಮೇಜಿಗೆ ಬನ್ನಿ.

ಶುರು ಮಾಡಿದಾಗ ನಾನೂ ಎಲ್ಲರ ಹಾಗೆ ಫೋಟೋಗಳನ್ನು ಒಟ್ಟು ಹಾಕಿದೆ. ಹಾರ್ಟಲ್‌ಪೂಲ್‌ನಲ್ಲಿ ಪ್ರವಾಸಿಗರು ತೆಗೆದ ಚಿತ್ರಗಳು ಬೇಕಾದಷ್ಟು ಸಿಗುತ್ತವೆ. ಅವನ್ನು ನೋಡಿಕೊಂಡು ಪಕ್ಕೆಲುಬು ನಿಲ್ಲಿಸಿದೆ, ಹಲಗೆ ಹೊದಿಸಿದೆ, ಸ್ಟರ್ನ್ ಕೂಡ ಗುಂಡಗೆ ಬಾಗಿಸಿ ಮುಗಿಸಿದೆ. ನಾಲ್ಕು ತಿಂಗಳ ಕೆಲಸ. ಆಮೇಲೆ ಅಡ್ಮಿರಾಲ್ಟಿ ನಕ್ಷೆಗಳ ಪ್ರತಿ ಕೈಗೆ ಬಂತು. ಗ್ರೀನಿಚ್‌ನ ನ್ಯಾಷನಲ್ ಮ್ಯಾರಿಟೈಮ್ ಮ್ಯೂಸಿಯಂನಲ್ಲಿ ಆ ಕಾಲದ ನೌಕಾ ನಕ್ಷೆಗಳ ದೊಡ್ಡ ಸಂಗ್ರಹ ಇದೆ. ಲೀಡಾ ಸರಣಿಯ ನಕ್ಷೆ ಬಿಡಿಸಿ ನೋಡ್ತೀನಿ, ಸ್ಟರ್ನ್ ಗುಂಡಗಿಲ್ಲ! ಚೌಕ. ಅಗಲವಾದ ಚಪ್ಪಟೆ ಗೋಡೆ, ಉದ್ದಕ್ಕೆ ಕಿಟಕಿ ಸಾಲು, ಎರಡು ಪಕ್ಕದಲ್ಲಿ ಗೂಡಿನಂಥ ಗ್ಯಾಲರಿಗಳು. ನಾನು ಕಟ್ಟಿದ್ದು 1845ರಲ್ಲಿ ಪೋರ್ಟ್ಸ್‌ಮತ್‌ನವರು ಮಾಡಿದ ಬೆನ್ನು. ಜಮ್ಶೆಟ್ಜಿ ಕಟ್ಟಿದ್ದು ಅದಲ್ಲ.

ಆ ಬದಲಾವಣೆ ಸುಮ್ಮನೆ ಫ್ಯಾಷನ್ನಿಗೆ ಆದದ್ದಲ್ಲ. ಚೌಕ ಸ್ಟರ್ನ್ ನೋಡೋಕೆ ಅರಮನೆಯ ಜಗಲಿಯ ಹಾಗಿದ್ದರೂ ಹಡಗಿನ ಅತಿ ದುರ್ಬಲ ಜಾಗ. ಶತ್ರು ಹಿಂದಿನಿಂದ ಹೊಡೆದರೆ ಗುಂಡು ಕಿಟಕಿ ಒಡೆದು ಡೆಕ್‌ನ ಉದ್ದಕ್ಕೂ ಹೋಗುತ್ತಿತ್ತು. ರಾಬರ್ಟ್ ಸೆಪಿಂಗ್ಸ್ ಎಂಬ ನೌಕಾ ಶಿಲ್ಪಿ ಗಟ್ಟಿ ಮರ ಸುತ್ತಿದ ಗುಂಡು ಸ್ಟರ್ನ್ ತಂದ. ಅದು ಬಲವಾಗಿತ್ತು, ಹಿಂದಕ್ಕೂ ಓರೆಗೂ ತೋಪು ಹಾರಿಸಲು ಆಗುತ್ತಿತ್ತು. ಆದರೆ ಅಧಿಕಾರಿಗಳಿಗೆ ಹಿಡಿಸಲಿಲ್ಲ, ತಮ್ಮ ಚಂದದ ಕಿಟಕಿಗಳು ಹೋದವಲ್ಲ ಅಂತ. ಕೊನೆಗೆ ಬಲವೂ ಇರಲಿ, ಅಂದವೂ ಇರಲಿ ಅಂತ ಬಂದ ರಾಜಿ ಈ ಅಂಡಾಕಾರದ ಸ್ಟರ್ನ್.

ಹಾಗಾದರೆ ನಾನು ಯಾವುದನ್ನು ಕಟ್ಟಲಿ? ಪುಸ್ತಕ ಬರೆಯೋದಾದರೆ ಎರಡನ್ನೂ ಬರೆಯಬಹುದು. ಆಗ ಹೀಗಿತ್ತು, ಆಮೇಲೆ ಹೀಗಾಯ್ತು, ಎರಡು ವಾಕ್ಯ ಸಾಕು. ಮಾಡೆಲ್‌ಗೆ ಒಂದೇ ಬೆನ್ನು ಇರೋಕೆ ಸಾಧ್ಯ. ಅದು ಒಂದು ವರ್ಷದ ಹಡಗಾಗಲೇಬೇಕು. ಹಿಂಭಾಗ 1847ರದ್ದು, ತೋಪು 1817ರದ್ದು, ಬಣ್ಣ 2001ರದ್ದು ಅಂತ ಕಟ್ಟಿದರೆ ಅಂಥ ಹಡಗು ಯಾವ ದಿನವೂ ಸಮುದ್ರದ ಮೇಲೆ ಇರಲಿಲ್ಲ.

ನಾನು 1817 ಆರಿಸಿಕೊಂಡೆ. ನಾಲ್ಕು ತಿಂಗಳ ಸ್ಟರ್ನ್ ಅನ್ನು ಗರಗಸದಲ್ಲಿ ಕತ್ತರಿಸಿದೆ. ವಿಡಿಯೋ ಮಾಡಿಲ್ಲ, ಕೇಳಬೇಡಿ.

ವರ್ಷ ತೀರ್ಮಾನವಾದರೆ ಉಳಿದದ್ದೆಲ್ಲ ಸರಾಗ ಅಂದುಕೊಂಡಿದ್ದೆ. ಮರದ ವಿಷಯ ಬಂತು. ಅಂಕೋಲಾ ಕಡೆ ಅಜ್ಜಿಯ ಹಳೆ ಮನೆ ಬಿಚ್ಚಿದಾಗ ತೇಗದ ಬಾಗಿಲ ಚೌಕಟ್ಟಿನ ಒಂದು ತುಂಡು ಎತ್ತಿಟ್ಟುಕೊಂಡಿದ್ದೆ. ತೇಗದ ಹಡಗಿಗೆ ತೇಗವೇ ಹಾಕಬೇಕು ಅಂತ ಆಸೆ. ಸೀಳಿ ಹಲಗೆ ಮಾಡಿ ಹಚ್ಚಿ ನೋಡಿದೆ. ಅಸಹ್ಯವಾಗಿ ಕಾಣಿಸಿತು! ಯಾಕೆ ಗೊತ್ತಾ? ತೇಗದ ಮೈಯಲ್ಲಿ ಕಣ್ಣಿಗೆ ಕಾಣುವಷ್ಟು ದೊಡ್ಡ ರಂಧ್ರಗಳಿರುತ್ತವೆ. ಒಂದು ರಂಧ್ರ ಕಾಲು ಮಿಲಿಮೀಟರ್ ಅಂತಿಟ್ಟುಕೊಳ್ಳಿ. ಅದನ್ನು 64ರಿಂದ ಗುಣಿಸಿದರೆ 16 ಮಿಲಿಮೀಟರ್. ಅಂದರೆ ನನ್ನ ಪುಟ್ಟ ನಾವಿಕನ ಕಣ್ಣಿಗೆ ಹಡಗಿನ ಹಲಗೆ ತುಂಬಾ ಹೆಬ್ಬೆರಳು ತೂರಿಸುವಷ್ಟು ತೂತು. ಹಡಗನ್ನು ಕುಗ್ಗಿಸಬಹುದು, ಮರದ ಎಳೆಯನ್ನು ಕುಗ್ಗಿಸೋಕಾಗಲ್ಲ. ಅದಕ್ಕೇ ಯುರೋಪಿನ ಮಾಡೆಲ್‌ಕಾರರು ಓಕ್ ಹಡಗಿಗೂ ಓಕ್ ಬಳಸಲ್ಲ. ಪೇರ್, ಬಾಕ್ಸ್‌ವುಡ್ ಥರದ ನಯವಾದ ಮರ ಹುಡುಕ್ತಾರೆ. ನನಗೆ ಉತ್ತರ ಸಿಕ್ಕಿದ್ದು ಚನ್ನಪಟ್ಟಣದಲ್ಲಿ. ಬೊಂಬೆಗೆ ಬಳಸುವ ಆಲೆ ಮರ ಬೆಣ್ಣೆಯಂತೆ ನಯ, ಬಿಳಿ, ಎಳೆ ಕಾಣೋದೇ ಇಲ್ಲ. ತೆಳ್ಳಗೆ ಸೀಳಿ, ನೀರಲ್ಲಿ ನೆನೆಸಿ, ತಂಗಿಯ ಹೇರ್ ಸ್ಟ್ರೇಟ್ನರ್‌ನಲ್ಲಿ ಬಿಸಿ ಮಾಡಿ ಬಾಗಿಸಿದರೆ ಹಡಗಿನ ಮೂತಿಗೆ ಸರಿಯಾಗಿ ಕೂರುತ್ತೆ. ತಂಗಿಗೆ ಹೊಸದು ಕೊಡಿಸಿದ್ದಾಯ್ತು.

ತೇಗದ ಬಗ್ಗೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗೋಕಾಗಲ್ಲ. ಟ್ರಿಂಕೋಮಲಿ ಇನ್ನೂರು ವರ್ಷ ಬಾಳಿದ್ದು ಈ ಮರದಿಂದ. ಓಕ್‌ನಲ್ಲಿರುವ ಆಮ್ಲ ಕಬ್ಬಿಣದ ಬೋಲ್ಟನ್ನು ತಿನ್ನುತ್ತೆ, ತೇಗದ ಎಣ್ಣೆ ಅದನ್ನೇ ಕಾಪಾಡುತ್ತೆ. ಆದರೆ ಆ ಮರ ಎಲ್ಲಿಂದ, ಯಾರ ಕೈಯಿಂದ ಬಂತು ಅಂತ ನೋಡಿದರೆ ಕಥೆ ಅಷ್ಟು ಹಿತವಾಗಿಲ್ಲ. 1806ರಲ್ಲಿ ಕಂಪನಿ ಸರ್ಕಾರ ಕ್ಯಾಪ್ಟನ್ ವಾಟ್ಸನ್ ಎಂಬ ಪೊಲೀಸ್ ಅಧಿಕಾರಿಯನ್ನು ಅರಣ್ಯ ಸಂರಕ್ಷಕ ಅಂತ ನೇಮಿಸಿತು. ಭಾರತದಲ್ಲಿ ಆ ಹೆಸರಿನ ಮೊದಲ ಹುದ್ದೆ ಅದು. ಸಂರಕ್ಷಣೆ ಅಂದರೆ ಕಾಡಿಗಾಗಿ ಅಲ್ಲ, ನೌಕಾಪಡೆಗಾಗಿ. ಮರುವರ್ಷವೇ ತೇಗದ ಮೇಲಿನ ಒಡೆತನ ಕಂಪನಿಯದು, ಅನುಮತಿ ಇಲ್ಲದೆ ಯಾರೂ ಕಡಿಯುವಂತಿಲ್ಲ ಅಂತ ಘೋಷಣೆ ಬಂತು. ಮಲಬಾರಿನ ಜಮೀನುದಾರರು, ಮರದ ವ್ಯಾಪಾರಿಗಳು, ಸೌದೆಗೆ ಕಾಡಿಗೆ ಹೋಗುವ ಜನ, ಎಲ್ಲರೂ ಇದರ ಬಿಸಿ ಅನುಭವಿಸಿದರು. ದೂರುಗಳು ಬೆಳೆದು ಬೆಳೆದು, 1823ರಲ್ಲಿ ಮದ್ರಾಸಿನ ಗವರ್ನರ್ ಆಗಿದ್ದ ಥಾಮಸ್ ಮನ್ರೋ ಆ ಹುದ್ದೆಯನ್ನೇ ತೆಗೆದುಹಾಕಿದ. ಹೌದು, ಟಿಪ್ಪು ಸತ್ತ ವರ್ಷವೇ ನಮ್ಮ ಕೆನರಾಕ್ಕೆ ಕಲೆಕ್ಟರ್ ಆಗಿ ಬಂದ ಅದೇ ಮನ್ರೋ.

ಲೆಕ್ಕ ಹಾಕಿ ನೋಡಿ. ಟ್ರಿಂಕೋಮಲಿಯ ಮರ ಬಂದದ್ದು ಸರಿಯಾಗಿ ಆ 1806ಕ್ಕೂ 1823ಕ್ಕೂ ನಡುವೆ. ಕೆನರಾದ ತೇಗವೂ ಬಾಂಬೆ ಹಡಗುಕಟ್ಟೆಗೆ ಹೋಗುತ್ತಿತ್ತು. ಆದರೆ ಈ ಹಡಗಿನ ಮರವನ್ನು ಮಲಬಾರಿನದ್ದು ಅಂತಲೇ ಹೇಳುತ್ತಾರೆ, ಅಜ್ಜಿಮನೆಯ ಊರಿನ ಪ್ರೀತಿಗೆ ನಾನು ಅದನ್ನು ಅಂಕೋಲಾಕ್ಕೆ ಎಳೆಯೋದಿಲ್ಲ. 1840ರ ದಶಕದಲ್ಲಿ ಮಲಬಾರಿನ ಕಲೆಕ್ಟರ್ ಕೊನೋಲಿ ನಿಲಂಬೂರಿನಲ್ಲಿ ತೇಗದ ತೋಟ ನೆಡಿಸಲು ಶುರು ಮಾಡಿದ. ಹಡಗುಗಳಿಗೆ ಕಡಿದು ಕಡಿದು ಕಾಡಿನಲ್ಲಿ ದೊಡ್ಡ ಮರ ಕಡಿಮೆಯಾಗಿತ್ತು. ಅದೇ ಹೊತ್ತಿಗೆ ಅಲ್ಲಿ ಪೋರ್ಟ್ಸ್‌ಮತ್‌ನಲ್ಲಿ ಟ್ರಿಂಕೋಮಲಿಯ ಬೆನ್ನು ಕತ್ತರಿಸುತ್ತಿದ್ದರು.

ಸರಿ, ತಾಮ್ರಕ್ಕೆ ಬರೋಣ. ನೀರಿನ ಕೆಳಗಿನ ಭಾಗಕ್ಕೆ ಹುಳು ಹತ್ತದ ಹಾಗೆ, ಪಾಚಿ ಕಟ್ಟದ ಹಾಗೆ ತಾಮ್ರದ ತಗಡು ಹೊದಿಸುತ್ತಿದ್ದರು. ತಗಡಿನ ಅಳತೆ 4 ಅಡಿ ಉದ್ದ, 14 ಇಂಚು ಅಗಲ. ನನ್ನ ಅಳತೆಗೆ 19 ಮಿಲಿಮೀಟರ್ ಉದ್ದ, ಐದೂವರೆ ಮಿಲಿಮೀಟರ್ ಅಗಲ. ಅಂಥವು ಸಾವಿರಗಟ್ಟಲೆ ಬೇಕು. ಬಸ್ಸಲ್ಲಿ ಹೋಗುವಾಗಲೂ ಕತ್ತರಿಸುತ್ತಿದ್ದೆ. ಮಾರುಕಟ್ಟೆಯಲ್ಲಿ ಸಿಗುವ ಮಾಡೆಲ್ ತಗಡುಗಳಲ್ಲಿ ಮೊಳೆಯ ತಲೆಗಳು ಗುಳ್ಳೆಗಳ ಹಾಗೆ ಎದ್ದಿರುತ್ತವೆ. ನೋಡೋಕೆ ಚೆಂದ, ಹೌದು. ಆದರೆ ಮೊಳೆಯನ್ನು ತಗಡಿನ ಮಟ್ಟಕ್ಕೇ ಬಡಿಯುತ್ತಿದ್ದರು, ಎದ್ದು ನಿಂತರೆ ಹಡಗಿನ ವೇಗ ಕಡಿಮೆ. ಒಂದಿಂಚಿನ ಮೊಳೆ ತಲೆ ನನ್ನ ಅಳತೆಗೆ ಅರ್ಧ ಮಿಲಿಮೀಟರೂ ಇಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಕೈಯಳತೆಯ ದೂರದಿಂದ ಕಾಣಬಾರದ್ದನ್ನು ತೋರಿಸೋದು ವಿವರ ಅಲ್ಲ, ಶೋಕಿ. ನಾನು ನಯವಾದ ತಗಡನ್ನೇ ಹಚ್ಚಿದೆ.

ಹಗ್ಗದಲ್ಲೂ ಒಂದು ಬಲೆ ಇದೆ, ಹೊಸಬರೆಲ್ಲ ಬೀಳ್ತಾರೆ. ಡೇವಿಡ್ ಸ್ಟೀಲ್ ಎಂಬಾತ 1794ರಲ್ಲಿ ಪ್ರಕಟಿಸಿದ ಹಗ್ಗ-ಹಾಯಿಗಳ ಪುಸ್ತಕದಲ್ಲಿ ಯಾವ ಹಗ್ಗ ಎಷ್ಟು ಇಂಚು ಅಂತ ಪಟ್ಟಿಗಳಿವೆ. 9 ಇಂಚು ಅಂತ ಬರೆದಿದ್ದರೆ ಅದು ದಪ್ಪ ಅಲ್ಲ, ಸುತ್ತಳತೆ! ಆ ಕಾಲದಲ್ಲಿ ಹಗ್ಗವನ್ನು ಅಳೆಯುತ್ತಿದ್ದದ್ದೇ ಹಾಗೆ. ಸರಿಯಾಗಿ ಓದಿದರೆ 1:64ಕ್ಕೆ ಸುಮಾರು 1.1 ಮಿಲಿಮೀಟರ್ ದಾರ. ತಪ್ಪಾಗಿ ಓದಿದರೆ ಮೂರೂವರೆ ಮಿಲಿಮೀಟರ್, ಕೂವೆಗೆ ಹೆಬ್ಬಾವು ಸುತ್ತಿದ ಹಾಗಿರುತ್ತೆ. ಕೂವೆಯನ್ನು ಬಿಗಿಹಿಡಿಯುವ ಹಗ್ಗಗಳಿಗೆ ಡಾಂಬರು ಬಳಿಯುತ್ತಿದ್ದರು, ಅವು ಕಪ್ಪು. ಹಾಯಿ ಎಳೆಯಲು ಕೈಯಲ್ಲಿ ಹಿಡಿಯುವ ಹಗ್ಗಗಳು ತಿಳಿ ಕಂದು. ಇಷ್ಟು ಗೊತ್ತಿದ್ದರೆ ಯಾವ ಮಾಡೆಲ್ ನೋಡಿದರೂ ಕಟ್ಟಿದವರು ಹೋಮ್‌ವರ್ಕ್ ಮಾಡಿದ್ದಾರಾ ಇಲ್ಲವಾ ಅಂತ ಹೇಳಬಹುದು.

ತೋಪು ಮುಖ್ಯ ಡೆಕ್‌ನಲ್ಲಿ 28, ಒಂದೊಂದೂ 18 ಪೌಂಡ್ ಗುಂಡಿನದು. ನನ್ನ ಅಳತೆಗೆ ಒಂದೊಂದು ತೋಪು ಸುಮಾರು 4 ಸೆಂಟಿಮೀಟರ್. ಒಂದು ಮಾಡೋದು ಖುಷಿ. ಐದನೆಯದಕ್ಕೆ ಬೇಜಾರು. ಇಪ್ಪತ್ತನೆಯದು ಮಾಡುವಾಗ ನನಗೊಂದು ಯೋಚನೆ ಬಂತು. ನನ್ನ ಹತ್ತಿರ ಎಲೆಕ್ಟ್ರಿಕ್ ಡ್ರಿಲ್ ಇದೆ, ಸೂಪರ್ ಗ್ಲೂ ಇದೆ. ಬಾಂಬೆಯಲ್ಲಿ ಬಾಚಿ ಹಿಡಿದು ಆ ಪಕ್ಕೆಲುಬುಗಳನ್ನು ಕೆತ್ತಿದವರ ಹತ್ತಿರ ಇದ್ಯಾವುದೂ ಇರಲಿಲ್ಲ. ನಕ್ಷೆಯಲ್ಲಿ ಗೆರೆ ಇರುತ್ತೆ, ಸರಿ. ಆದರೆ ಮೂತಿಯ ಹತ್ತಿರ ಹಲಗೆಯನ್ನು ಒಂದೇ ಸಲ ಬಾಗಿಸಬೇಕು, ತಿರುಚಬೇಕು, ಅಗಲ ಕಡಿಮೆ ಮಾಡುತ್ತಾ ಹೋಗಬೇಕು. ಅದನ್ನು ಯಾವ ನಕ್ಷೆಯೂ ಹೇಳಿಕೊಡಲ್ಲ. ಅಲ್ಲಿ ಒಬ್ಬ ಬಡಗಿ ನಿಂತು, ಕಣ್ಣು ಕಿರಿದು ಮಾಡಿ, ಇಷ್ಟು ತೆಗಿ ಅಂತ ಹೇಳಿರಬೇಕು. ನಾನು ಮೂರು ಹಲಗೆ ಮುರಿದ ಮೇಲೆ ಕಲಿತದ್ದು ಅದನ್ನೇ. ಜಮ್ಶೆಟ್ಜಿಯ ಹೆಸರು ಚರಿತ್ರೆಯಲ್ಲಿ ಉಳಿಯಿತು, ಉಳಿಯಬೇಕಾದದ್ದೇ. ಆ ಬಡಗಿಯ ಹೆಸರನ್ನು ಯಾರೂ ಕೆತ್ತಿಡಲಿಲ್ಲ.

ಉಳಿದಿರೋದು ಮೂತಿಯ ಗೊಂಬೆ. ಹಾರ್ಟಲ್‌ಪೂಲ್‌ನಲ್ಲಿ ಈಗ ಹಡಗಿನ ಮುಂದೆ ಇರುವುದು ಪೇಟ ಸುತ್ತಿದ ಒಬ್ಬ ಗಂಡಸಿನ ಎದೆಮಟ್ಟದ ಮೂರ್ತಿ. ಫೋಟೋ ಹುಡುಕಿ ನೋಡಿ, ಗಂಭೀರವಾದ ಮುಖ. ಪೂರ್ವದ ಮನುಷ್ಯ ಅಂದರೆ ಹೀಗಿರುತ್ತಾನೆ ಅಂತ ಇಂಗ್ಲೆಂಡಿನ ಕಣ್ಣಿಗೆ ಕಂಡ ಮುಖ ಅದು. ನನ್ನ ಹಡಗು 1817ರದ್ದು, ಅಕ್ಟೋಬರ್ ತಿಂಗಳು, ಬಾಂಬೆ ಬಂದರಿನಲ್ಲಿ ನಿಂತಿದೆ. ಈಗಿನ ಗೊಂಬೆಯನ್ನು ನೋಡಿ ಕೆತ್ತಿ ಅಂಟಿಸಿದರೆ ಸ್ಟರ್ನ್ ವಿಷಯದಲ್ಲಿ ಮಾಡಿದ ತಪ್ಪನ್ನೇ ಮುಂಭಾಗದಲ್ಲೂ ಮಾಡಿದ ಹಾಗಾಗುತ್ತೆ. ಸದ್ಯಕ್ಕೆ ಅಲ್ಲೊಂದು ಚೌಕ ತುಂಡು ಕೂರಿಸಿದ್ದೀನಿ. ಅಜ್ಜಿಮನೆಯ ತೇಗದ್ದು, ಬಣ್ಣ ಹಚ್ಚಿಲ್ಲ, ಕೆತ್ತಿಲ್ಲ. ರಂಧ್ರಗಳೆಲ್ಲ ಚೆನ್ನಾಗಿ ಕಾಣಿಸುತ್ತವೆ.

ಈ ಭಾನುವಾರ ಚೌಕ ಸ್ಟರ್ನ್‌ನ ಕಿಟಕಿಗಳನ್ನು ಕತ್ತರಿಸಬೇಕು. ಒಂದೊಂದು ಚೌಕಟ್ಟಿನ ಕಡ್ಡಿ ಅರ್ಧ ಮಿಲಿಮೀಟರ್. ನಿಮ್ಮಲ್ಲಿ ಯಾರಾದರೂ ಮಾಡೆಲ್ ಕಟ್ಟುವವರಿದ್ದರೆ ಗಾಜಿಗೆ ಏನು ಬಳಸ್ತೀರಿ ಅಂತ ಬರೆದು ತಿಳಿಸಿ, ನಾನು ಪ್ಲಾಸ್ಟಿಕ್ ಹಾಳೆ ಮೂರು ಥರ ನೋಡಿದೆ, ಮೂರೂ ಹೊಳೆಯೋದು ಜಾಸ್ತಿ.